ಹೂವನ್ನರಸಿ ಕಡಲು ದಾಟುವ ಗಿಳಿ



ನಮ್ಮ ಪೂರ್ವಿಕರು ಮನ್ಮಥನಿಗೆ ಗಿಳಿಯನ್ನು ವಾಹನವಾಗಿ ಕೊಟ್ಟಿದ್ದಾರೆ. ಅವನ ಬಿಲ್ಲು ಕಬ್ಬು, ಹೆದೆ ದುಂಬಿಗಳ ಸಾಲು, ಬಾಣಗಳು ಹೂವುಗಳು. ಹೀಗೆ ಗಿಳಿ, ದುಂಬಿ, ಹೂವು ಈ ಮೂರೂ ಒಂದೇ ಪರಿವಾರಕ್ಕೆ ಸೇರಿದುವಾದರೂ, ನಾವು ದಿನವೂ ಕಾಣುವ ಗಿಳಿಗೂ ಹೂವಿಗೂ ಇರುವ ನಂಟು ಅಷ್ಟೇನೂ ಹೆಚ್ಚಿನದಲ್ಲ. ನಮ್ಮ ಗಿಳಿ ಸೀಬೆಯ ಹಣ್ಣನ್ನು ಅರ್ಧ ಕಚ್ಚಿ ಕೆಳಗೆ ಬಿಸುಡುವುದು. ಜೋಳದ ತೆನೆಯನ್ನು ಕತ್ತರಿಸಿ ಹೊತ್ತೊಯ್ಯುವುದು. ರೈತನು ಅಟ್ಟಣೆಯ ಮೇಲೆ ಕುಳಿತು ಕವಣೆ ಬೀಸಿ ಅದನ್ನು ಓಡಿಸಬೇಕಾಗುವುದು. ಗಿಳಿಯ ಕೊಕ್ಕು ಒಡೆಯುವುದಕ್ಕೂ ಸುಲಿಯುವುದಕ್ಕೂ ಆದ ಆಯುಧವೆಂದೇ ನಾವು ತಿಳಿದಿರುತ್ತೇವೆ.

ಆದರೆ ದುಂಬಿಯಂತೆ ಹೂವಿನ ಮಧುವನ್ನು ಹೀರುವ ಗಿಳಿಗಳೂ ಉಂಟು. ನಮ್ಮ ಮಲೆನಾಡಿನ ಕಾಡುಗಳಲ್ಲಿಯೇ, ಗುಬ್ಬಚ್ಚಿಗಿಂತ ಅಷ್ಟೇನೂ ದೊಡ್ಡದಲ್ಲದ ಚಿಟ್ಟುಗಿಳಿ ಎಂಬುದೊಂದಿದೆ. ಬಾವಲಿಯ ಹಾಗೆ ತಲೆಕೆಳಗಾಗಿ ನೇತುಕೊಂಡು ನಿದ್ರಿಸುವ ಈ ಪುಟ್ಟ ಹಕ್ಕಿ, ಹಣ್ಣುಗಳೊಡನೆ ಹೂವಿನ ಮಧುವನ್ನೂ ಸವಿಯುತ್ತದೆ. ಅದರ ಮಾತನ್ನು ಇನ್ನೊಂದು ದಿನಕ್ಕೆ ಇರಿಸಿಕೊಂಡು, ಮಧುವನ್ನೇ ಮುಖ್ಯವಾಗಿ ನೆಚ್ಚಿ, ಅದಕ್ಕಾಗಿ ವರ್ಷಕ್ಕೆ ಎರಡು ಸಲ ಸಮುದ್ರವನ್ನೇ ದಾಟುವ ಮತ್ತೊಂದು ಗಿಳಿಯನ್ನು ಈ ಸಂಜೆ ತಮಗೆ ಪರಿಚಯ ಮಾಡಿಕೊಡಬೇಕೆಂದಿದ್ದೇನೆ. ಅದರ ನಾಡು ಆಸ್ಟ್ರೇಲಿಯ. ಅದರ ಅನ್ನದಾತನಾದ ಮರವಾದರೋ ನಮಗೆ ಅಪರಿಚಿತವಾದುದಲ್ಲ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಈ ಪಕ್ಷಿಗೆ ಇಂಗ್ಲಿಷಿನಲ್ಲಿ 'ಸ್ವಿಫ್ಟ್ ಪ್ಯಾರಟ್' ಎಂದು ಹೆಸರು. ಬಾಣದಂತೆ ನೇರವಾಗಿ, ಮರಗಳ ನಡುವೆ ಅತಿ ವೇಗದಿಂದ ಹಾರುವುದರಿಂದ ಈ ಹೆಸರು ಬಂದಿದೆ. ನಾವು ಇದನ್ನು ವೇಗದ ಗಿಳಿ ಎಂದು ಕರೆಯಬಹುದು. ಶಾಸ್ತ್ರದಲ್ಲಿ ಇದರ ಹೆಸರು 'ಲೇಥಾಮಸ್ ಡಿಸ್ಕಲರ್'. ಮೊದಲ ಪದವು ಜಾನ್ ಲೇಥಮ್ ಎಂಬ ಇಂಗ್ಲಿಷ್ ಪಕ್ಷಿಶಾಸ್ತ್ರಜ್ಞನ ಸ್ಮರಣಾರ್ಥವಾಗಿ ಇಟ್ಟುದು. ಎರಡನೆಯದಕ್ಕೆ ಬೇರೆ ಬೇರೆ ಬಣ್ಣಗಳುಳ್ಳದ್ದು ಎಂದು ಅರ್ಥ. ಹೆಸರು ಅನ್ವರ್ಥವಾದುದೇ. ಮೈಯೆಲ್ಲ ಎಳೆಯ ಹಸುರು. ಕೊಕ್ಕಿನ ಸುತ್ತ ಕುಂಕುಮವನ್ನು ಬಳಿದಂತೆ ಕೆಂಪು. ನೆತ್ತಿಯ ಮೇಲೆ ನೀಲಿ. ರೆಕ್ಕೆಯನ್ನು ಎತ್ತಿದಾಗ ಒಳಗೆ ಮತ್ತೆ ಕೆಂಪು. ಬಾಲ ಸಪೂರವಾಗಿ ನೀಳವಾದುದು. ಬಾಲವೂ ಸೇರಿ ಉದ್ದ ಹತ್ತು ಅಂಗುಲ. ತೂಕ ಸುಮಾರು ೬೫ ಗ್ರಾಂ, ಎಂದರೆ ಐದೂವರೆ ತೊಲದಷ್ಟು. ಅಂಗೈಯಲ್ಲಿ ಅಡಗುವ ಈ ಜೀವವು ತೆರೆಗಡಲಿನ ಮೇಲೆ ನೂರೈವತ್ತು ಮೈಲಿಗಳನ್ನು ಹಾರಿ ಹೋಗುವುದೆಂದರೆ ಆಶ್ಚರ್ಯವಾಗದಿರದು.

ಇನ್ನು ಇದರ ನಾಲಗೆಯ ವಿಚಾರ. ಸಾಮಾನ್ಯ ಗಿಳಿಯ ನಾಲಗೆ ದಪ್ಪವಾಗಿ, ಮೊಂಡಾಗಿರುವುದು. ವೇಗದ ಗಿಳಿಯ ನಾಲಗೆಯ ತುದಿಯಲ್ಲಿ ನವುರಾದ ಎಳೆಗಳ ಕುಚ್ಚೊಂದಿದೆ. ಚಿತ್ರಕಾರನ ಕುಂಚವನ್ನು ನೆನೆದರೆ ಅದರ ರೂಪವು ಮನಸ್ಸಿಗೆ ಬರುತ್ತದೆ. ಹೂವಿನೊಳಗೆ ಇದನ್ನು ಚಾಚಿದಾಗ ಮಧುವು ಎಳೆಗಳ ನಡುವೆ ಸೇರಿಕೊಳ್ಳುತ್ತದೆ; ಪರಾಗವೂ ಅಂಟಿಕೊಳ್ಳುತ್ತದೆ. ಮಧುವಿನಿಂದ ಹಾರಾಟಕ್ಕೆ ಬೇಕಾದ ಶಕ್ತಿ, ಪರಾಗದಿಂದ ಮೈ ಬೆಳೆಯಲು ಬೇಕಾದ ಸಾರ ದೊರೆಯುವುವು. ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುವಾಗ ಮುಖಕ್ಕೆ ಮೆತ್ತಿದ ಪರಾಗವನ್ನು ಅಲ್ಲಿಗೆ ಒಯ್ಯುವುದರಿಂದ, ಮರದ ಉಪಕಾರವನ್ನು ಹಕ್ಕಿ ತೀರಿಸಿದಂತೆಯೂ ಆಗುತ್ತದೆ. ಹೂವು ಸಾಲದಾದಾಗ ಎಲೆಗಳ ಮೇಲೆ ಪುಟ್ಟ ಕೀಟಗಳು ಕಟ್ಟುವ ಸಿಹಿಯಾದ ಹೊದಿಕೆಯನ್ನೂ, ಹುಳುಗಳನ್ನೂ, ಬೀಜಗಳನ್ನೂ ತಿನ್ನುವುದುಂಟು.

ಆಸ್ಟ್ರೇಲಿಯದಲ್ಲಿ ಲೋರಿಕೀಟ್ ಎಂಬ ಬೇರೊಂದು ಜಾತಿಯ ಗಿಳಿಗಳಿಗೂ ಇಂತಹ ಕುಂಚದ ನಾಲಗೆಯೇ ಇದೆ. ಎರಡೂ ಒಂದೇ ಕುಲವಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ವೇಗದ ಗಿಳಿಯ ಹತ್ತಿರದ ಬಂಧುಗಳು ಬೀಜ ತಿನ್ನುವ ರೊಸೆಲ್ಲಾ ಗಿಳಿಗಳು ಎಂಬುದು ಈಗ ನಿಶ್ಚಿತವಾಗಿದೆ. ವೃತ್ತಿ ಒಂದಾದುದರಿಂದ ಉಪಕರಣವೂ ಒಂದಾಯಿತು. ದೂರದ ಎರಡು ಊರುಗಳಲ್ಲಿ ಒಬ್ಬರನ್ನೊಬ್ಬರು ಕಂಡರಿಯದ ಕುಂಬಾರರು ಒಂದೇ ಬಗೆಯ ತಿಗುರಿಯನ್ನು ಮಾಡಿಕೊಂಡಂತೆ ಇದು.

ಈಗ ಇದರ ಅನ್ನದಾತನಾದ ಮರಕ್ಕೆ ಬರೋಣ. ನೆಗಡಿಯಾದಾಗ ನಾವು ಮೂಗಿಗೆ ಹಿಡಿಯುವ, ಎದೆಗೆ ತಿಕ್ಕಿಕೊಳ್ಳುವ ನೀಲಗಿರಿ ಎಣ್ಣೆಯನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಆ ಎಣ್ಣೆಯನ್ನು ಇಳಿಸುವ ಮರಕ್ಕೂ ನಾವು ನೀಲಗಿರಿ ಎಂದೇ ಹೆಸರಿಟ್ಟಿದ್ದೇವೆ. ಮರವು ಆ ಬೆಟ್ಟಗಳಲ್ಲಿಯೇ ಹುಟ್ಟಿದುದೆಂದು ಭಾವಿಸುವವರೂ ಇದ್ದಾರೆ. ಬೆಟ್ಟದ ಹೆಸರು ಬಹು ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ನೀಲಾದ್ರಿಯನ್ನು ಹಿಡಿದ ವಿಷಯವು ಚಾಮರಾಜನಗರದ ೧೧೧೭ರ ಶಾಸನದಲ್ಲಿಯೇ ಬಂದಿದೆ. ಮರವು ಅಲ್ಲಿಗೆ ಬಂದುದಾದರೋ ೧೮೪೩ರಲ್ಲಿ. ಬೆಟ್ಟದ ಮೇಲೆ ನೆಲಸಿದ ಇಂಗ್ಲಿಷರಿಗೆ ಸೌದೆಯ ಅಭಾವವಾದಾಗ, ಬೇಗ ಬೆಳೆಯುವ ಮರವೆಂದು ಇದನ್ನು ತರಿಸಿ ನೆಟ್ಟರು. ಇದರ ತವರು ಆಸ್ಟ್ರೇಲಿಯದ ತೆಂಕಣ ತುದಿಗೆ ಸಮುದ್ರದಾಚೆ ಇರುವ ಟಾಸ್ಮೇನಿಯ ದ್ವೀಪ. ಲಾಬಿಲಾರ್ದಿಯೇರ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನು ೧೭೯೨ರಲ್ಲಿ ಆ ದ್ವೀಪದಲ್ಲಿ ಇದನ್ನು ಕಂಡು ಸಂಗ್ರಹಿಸಿದನು. ನಮ್ಮ ಬಯಲು ಸೀಮೆಯ ತೋಪುಗಳಲ್ಲಿ ಕಾಣುವುದು ಇದೇ ಕುಲದ ಬೇರೆ ಜಾತಿ. ಉದಕಮಂಡಲದ ತಂಪಿನಲ್ಲಿ ನಿಂತಿರುವುದೇ ಟಾಸ್ಮೇನಿಯದ ನಿಜವಾದ ನೀಲಗಿರಿ.

ಈ ಕುಲದ ಮರಗಳ ಹೂವಿಗೆ ನಾವು ತಿಳಿದಿರುವಂತಹ ದಳಗಳ ಸೊಬಗಿಲ್ಲ. ಮೊಗ್ಗಿಗೆ ಒಂದು ಗಟ್ಟಿಯಾದ ಮುಚ್ಚಳವಿರುತ್ತದೆ. ಮೊಗ್ಗು ಬಲಿತಾಗ ಮುಚ್ಚಳ ಕಳಚಿ ಬಿದ್ದು, ಒಳಗಿನಿಂದ ಕೆನೆಯ ಬಣ್ಣದ ನೂರಾರು ಕೇಸರಗಳು ಸುತ್ತಲೂ ಹರಡಿಕೊಳ್ಳುವುವು. ನಡುವಿನ ಬಟ್ಟಲಿನಲ್ಲಿ ಮಧುವು ತುಂಬಿರುವುದು. ಟಾಸ್ಮೇನಿಯದ ವಸಂತವೆಂದರೆ ನಮ್ಮ ನವರಾತ್ರಿ, ದೀಪಾವಳಿಗಳ ಸುಮಾರು. ಭೂಮಿಯ ದಕ್ಷಿಣಾರ್ಧದಲ್ಲಿ ಋತುಗಳು ನಮಗೆ ತಿರುಗುಮುರುಗು. ಆಗ ದ್ವೀಪದ ಪೂರ್ವ ಮತ್ತು ಆಗ್ನೇಯ ತೀರಗಳ ಕಾಡುಗಳಲ್ಲಿ ನೀಲಗಿರಿ ಹೂ ಬಿಡುತ್ತದೆ. ವೇಗದ ಗಿಳಿ ಮರಿ ಮಾಡುವುದು ಆ ಕಾಲದಲ್ಲಿ, ಆ ದ್ವೀಪದಲ್ಲಿ ಮತ್ತು ಅದರ ಮಗ್ಗುಲಿನ ಸಣ್ಣ ದ್ವೀಪಗಳಲ್ಲಿ ಮಾತ್ರ. ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ನೀಲಗಿರಿಯೊಡನೆ ಅಲ್ಲಿನವರು ಕರಿಯ ಗಂ ಮರವೆಂದು ಕರೆಯುವ ಇನ್ನೊಂದು ಜಾತಿಯ ಹೂವೂ ಇದಕ್ಕೆ ಆಧಾರ.

ಬೇಸಗೆ ಮುಗಿದು ಮರಿಗಳ ರೆಕ್ಕೆ ಬಲಿತ ಮೇಲೆ, ಫೆಬ್ರವರಿ ಮಾರ್ಚಿಯ ಹೊತ್ತಿಗೆ ಹಕ್ಕಿಗಳು ದ್ವೀಪವನ್ನು ಬಿಟ್ಟು ಬಡಗಣಕ್ಕೆ ಹೊರಡುತ್ತವೆ. ಬಾಸ್ ಜಲಸಂಧಿಯನ್ನು ದಾಟಿ ವಿಕ್ಟೋರಿಯ, ನ್ಯೂ ಸೌತ್ ವೇಲ್ಸ್ ಪ್ರಾಂತಗಳ ಒಣ ಕಾಡುಗಳನ್ನು ಸೇರುತ್ತವೆ. ಕೆಲವು ಕ್ವೀನ್ಸ್‌ಲೆಂಡಿನವರೆಗೂ ಹೋಗುವುದುಂಟು. ಗಿಳಿಗಳಲ್ಲಿ ಇಷ್ಟು ದೂರ ವಲಸೆ ಹೋಗುವ ಜಾತಿ ಇನ್ನೊಂದಿಲ್ಲವೆನ್ನುತ್ತಾರೆ. ಅಲ್ಲಿಯೂ ಅವುಗಳಿಗೆ ಬೇಕಾದುದು ನೀಲಗಿರಿಯ ಕುಲಕ್ಕೇ ಸೇರಿದ, ಚಳಿಗಾಲದಲ್ಲಿ ಹೂ ಬಿಡುವ ಮರಗಳು. ಆಗಸ್ಟ್ ತಿಂಗಳ ಹೊತ್ತಿಗೆ ಮತ್ತೆ ಟಾಸ್ಮೇನಿಯದ ಕಡೆಗೆ ಪ್ರಯಾಣ.

ಇಲ್ಲಿಯವರೆಗೆ ಕೇಳಿದ ಶ್ರೋತೃಗಳು, ಇದೆಲ್ಲ ಪಂಚಾಂಗದಲ್ಲಿ ಬರೆದಿಟ್ಟಂತೆ ಕ್ರಮವಾಗಿ ನಡೆಯುವುದೆಂದು ಭಾವಿಸಬಹುದು. ಹಾಗಲ್ಲ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯವು ಇಲ್ಲಿಯೇ ಇದೆ.

ನೀಲಗಿರಿಯ ಮರವು ಪ್ರತಿ ವರ್ಷವೂ ಒಂದೇ ಸಮನಾಗಿ ಹೂ ಬಿಡುವುದಿಲ್ಲ. ನಮ್ಮ ಮಾವಿನ ಮರವನ್ನು ನೋಡಿ. ಒಂದು ವರ್ಷ ಮರದ ತುಂಬ ಹೂವು, ಮರು ವರ್ಷ ಬರಿಯ ಎಲೆ. ಅಲ್ಲಿಯೂ ಹಾಗೆಯೇ. ಈ ವರ್ಷ ಒಂದು ಕಣಿವೆಯ ಕಾಡೆಲ್ಲ ಹೂವಾಗಿ ನಿಂತಿದ್ದರೆ, ಪಕ್ಕದ ಬೆಟ್ಟದಲ್ಲಿ ಒಂದು ಮೊಗ್ಗೂ ಇರಲಾರದು. ಮರು ವರ್ಷ ಕಣಿವೆ ಬರಿದಾಗಿ, ಐವತ್ತು ಮೈಲಿ ದೂರದ ತೀರದಲ್ಲಿ ಹೂವು ಕಾಣಬಹುದು. ವೇಗದ ಗಿಳಿಗೆ ಹೋದ ವರ್ಷದ ಮನೆಯೆಂಬ ಮಮತೆಯಿಲ್ಲ. ಕಡಲನ್ನು ದಾಟಿ ಬಂದೊಡನೆ ಅದು ದ್ವೀಪವನ್ನೆಲ್ಲ ಸುತ್ತಿ, ಹೂವು ಎಲ್ಲಿ ಹೆಚ್ಚಾಗಿದೆಯೋ ಅಲ್ಲಿಯೇ ಬೀಡು ಬಿಡುತ್ತದೆ. ಹಲವು ಜೊತೆಗಳು ಒತ್ತೊತ್ತಾಗಿ ಅಲ್ಲಿಯೇ ಗೂಡು ಮಾಡುತ್ತವೆ. ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಸಂಶೋಧಕರು ವರ್ಷ ವರ್ಷವೂ ದ್ವೀಪದ ಕಾಡುಗಳನ್ನು ತಿರುಗಿ, ಹೂವು ಹೋದ ಕಡೆ ಹಕ್ಕಿ ಹೋಗುವ ಈ ಕ್ರಮವನ್ನು ಕಂಡುಕೊಂಡಿದ್ದಾರೆ.

ಇದರಿಂದ ಏನಾಗುತ್ತದೆಂಬುದನ್ನು ಸ್ವಲ್ಪ ಯೋಚಿಸಬೇಕು. ಯಾವ ಒಂದು ವರ್ಷದಲ್ಲಿಯಾದರೂ ಈ ಹಕ್ಕಿಗೆ ಯೋಗ್ಯವಾದ ಕಾಡುಗಳಲ್ಲಿ ಹೆಚ್ಚಿನವು ಹಕ್ಕಿಯಿಲ್ಲದೆ ಬರಿದಾಗಿಯೇ ಇರುತ್ತವೆ. ಕಾಡನ್ನು ಕಡಿಯಲು ಹೊರಟವನು ಬಂದು ನೋಡಿದಾಗ ಅಲ್ಲಿ ಗಿಳಿಯಿರುವುದಿಲ್ಲ. ಇದು ಗಿಳಿಯ ಕಾಡಲ್ಲವೆಂದು ಅವನು ಹೇಳಿದರೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಆದರೆ ಐದು ವರ್ಷಗಳ ಮೇಲೆ ದ್ವೀಪದಲ್ಲಿ ಹೂವು ಬಿಡುವ ಸರದಿ ಆ ಒಂದು ಕಾಡಿನದೇ ಆಗಿದ್ದರೆ? ಮಳೆಗಾಲದಲ್ಲಿ ಮಾತ್ರ ತುಂಬುವ ಕೆರೆಯನ್ನು ಬೇಸಗೆಯಲ್ಲಿ ನೋಡಿ, ಇಲ್ಲಿ ನೀರೇ ಇಲ್ಲ, ಏರಿಯನ್ನು ಒಡೆದು ಮನೆ ಕಟ್ಟೋಣ ಎಂದವನ ಬುದ್ಧಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಹೂವೊಂದೇ ಸಾಲದು, ಗೂಡೂ ಬೇಕು. ವೇಗದ ಗಿಳಿ ತಾನಾಗಿ ಗೂಡು ಕಟ್ಟಲಾರದು, ಮರವನ್ನು ಕೊರೆಯಲಾರದು. ತಾನಾಗಿ ಉಂಟಾದ ಪೊಟರೆಯನ್ನೇ ಅದು ಹುಡುಕಬೇಕು. ಅದರಲ್ಲಿಯೂ ಬಾಯಿ ಕಿರಿದಾಗಿ, ಒಳಗೆ ಆಳವಾದುದೇ ಬೇಕು. ಕೊಂಬೆ ಮುರಿದು, ಮಳೆ ಬಿಸಿಲುಗಳಿಗೆ ತಿರುಳು ಕೊಳೆತು, ಇಂತಹ ಪೊಟರೆಯಾಗಬೇಕಾದರೆ ಮರಕ್ಕೆ ನೂರು ವರ್ಷಕ್ಕೂ ಮಿಕ್ಕ ವಯಸ್ಸಾಗಬೇಕು. ಹೂವಿನಲ್ಲಿಯೂ ದೊಡ್ಡ ಮರವೇ ಉದಾರಿ. ಎಳೆಯ ಮರದ ಹೂವು ಅದಕ್ಕೆ ಎಣೆಯಾಗದು. ಆದುದರಿಂದ ಹಳೆಯ ಮರವನ್ನು ಕಡಿದು ಅದರೆಡೆಯಲ್ಲಿ ಹತ್ತು ಸಸಿಗಳನ್ನು ನೆಟ್ಟೆವೆಂದು ಲೆಕ್ಕ ತೋರಿಸಿದರೆ, ಆ ಲೆಕ್ಕವು ಮನುಷ್ಯರಿಗೆ ಸರಿಹೋಗಬಹುದು. ಹಕ್ಕಿಯ ಪಾಲಿಗೆ ಒಂದು ಶತಮಾನದ ಕಾಯುವಿಕೆ. ಟಾಸ್ಮೇನಿಯದಲ್ಲಿ ಯೂರೋಪಿಯನ್ನರು ನೆಲಸಿದಂದಿನಿಂದ ತೀರದ ನೀಲಗಿರಿಯ ಕಾಡುಗಳಲ್ಲಿ ಬಹುಭಾಗವು ಹೊಲಗಳಿಗೂ ಊರುಗಳಿಗೂ ದಿಮ್ಮಿಯ ವ್ಯಾಪಾರಕ್ಕೂ ಹೋಗಿದೆ. ವಿಕ್ಟೋರಿಯದ ಚಳಿಗಾಲದ ಕಾಡುಗಳನ್ನು ೧೮೫೧ರಲ್ಲಿ ಪ್ರಾರಂಭವಾದ ಚಿನ್ನದ ಗಲಭೆಯು ನುಂಗಿತು. ಗಣಿಗಳಿಗೆ ಆಧಾರದ ಕಂಬಗಳೂ ಯಂತ್ರಗಳಿಗೆ ಸೌದೆಯೂ ಆ ಕಾಡುಗಳಿಂದಲೇ ಬಂದುವು. ಕೋಲಾರದ ಗಣಿಗಳ ಕಥೆಯನ್ನು ಬಲ್ಲ ನಮ್ಮ ನಾಡಿನವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಇದರ ಮೇಲೆ ಇನ್ನೊಂದು ವಿಪತ್ತು ಬಹುಕಾಲ ಯಾರ ಕಣ್ಣಿಗೂ ಬೀಳದೆ ನಡೆಯುತ್ತಿದ್ದಿತು. ಹಕ್ಕಿಗಳು ಗೂಡು ಮಾಡುತ್ತಿದ್ದುವು, ಮೊಟ್ಟೆಯಿಡುತ್ತಿದ್ದುವು, ಆದರೆ ಅನೇಕ ಕಡೆಗಳಲ್ಲಿ ಮರಿಗಳು ಹೊರಬೀಳುತ್ತಿರಲಿಲ್ಲ. ಸಂಶೋಧಕರು ಪೊಟರೆಗಳ ಬಳಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಗಳನ್ನು ಇಟ್ಟು ನೋಡಲಾಗಿ, ರಾತ್ರಿಯ ವೇಳೆ ಬರುತ್ತಿದ್ದ ಕಳ್ಳನು ಯಾರೆಂಬುದು ತಿಳಿಯಿತು. ಅದು ಷುಗರ್ ಗ್ಲೈಡರ್ ಎಂಬ ಪ್ರಾಣಿ. ಅಳಿಲಿಗಿಂತ ತುಸು ದೊಡ್ಡದು. ಕಾಂಗರೂವಿನಂತೆ ಮರಿಯನ್ನು ಚೀಲದಲ್ಲಿ ಹೊರುವ ಜಾತಿ. ನಮ್ಮ ಮಲೆನಾಡಿನ ಹಾರುಬೆಕ್ಕಿನ ಹಾಗೆ ಕೈಕಾಲುಗಳ ನಡುವಿನ ಚರ್ಮವನ್ನು ಹರಡಿ ಮರದಿಂದ ಮರಕ್ಕೆ ತೇಲಿ ಹೋಗುವುದು. ನೋಡಲು ಮುದ್ದಾದುದು, ಮರದ ರಸವನ್ನೂ ಮಧುವನ್ನೂ ಸವಿಯುವ ಇದು ಗಿಳಿಯಂತೆಯೇ ಸಿಹಿಯ ಪ್ರಿಯ. ಆದರೆ ಪೊಟರೆಯೊಳಗೆ ಕಾವು ಕುಳಿತ ಹೆಣ್ಣು ಗಿಳಿಯನ್ನೂ ಮೊಟ್ಟೆಗಳನ್ನೂ ಇದು ತಿನ್ನುವುದೆಂಬುದು ೨೦೧೪ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಕಾವು ಕುಳಿತುಕೊಳ್ಳುವುದು ಹೆಣ್ಣು ಮಾತ್ರ. ಆದುದರಿಂದ ಸಾಯುವುದೂ ಹೆಣ್ಣೇ. ಸಂತತಿಯ ಬೇರಿಗೇ ಬೀಳುವ ಕೊಡಲಿ ಇದು.

ಈ ಪ್ರಾಣಿ ಟಾಸ್ಮೇನಿಯದ ಮೂಲನಿವಾಸಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜನರೇ ಇದನ್ನು ಆಸ್ಟ್ರೇಲಿಯದ ದೊಡ್ಡ ನೆಲದಿಂದ ದ್ವೀಪಕ್ಕೆ ತಂದರು. ಬ್ರೂನಿ ಮತ್ತು ಮರಾಯ ಎಂಬ ಮಗ್ಗುಲಿನ ದ್ವೀಪಗಳಿಗೆ ಇದು ಹೋಗಿಲ್ಲ. ಅಲ್ಲಿ ಗೂಡು ಮಾಡಿದ ಗಿಳಿಗಳು ಸುಖವಾಗಿ ಮರಿಗಳನ್ನು ಬೆಳೆಸುತ್ತವೆ. ಆದರೆ ಹೂವು ಆ ದ್ವೀಪಗಳಲ್ಲಿ ಬಂದ ವರ್ಷ ಮಾತ್ರವೇ ಆ ಸುಖ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಗೂಡಿನ ಸುತ್ತಮುತ್ತ ಹಳೆಯ ಕಾಡು ಹೆಚ್ಚಾಗಿ ಉಳಿದಿರುವ ಕಡೆಗಳಲ್ಲಿ ಈ ಹತ್ಯೆ ಕಡಿಮೆಯಾಗಿರುವುದೆಂದು ಸಂಶೋಧಕರು ಕಂಡಿದ್ದಾರೆ. ಕಾಡು ಹರಿದು ತುಂಡಾದಂತೆಲ್ಲ ಹಕ್ಕಿಯ ಅಪಾಯ ಬೆಳೆಯುವುದು. ಕೊಡಲಿಯೂ ಕಳ್ಳನೂ ಬೇರೆ ಬೇರೆ ಶತ್ರುಗಳಂತೆ ತೋರಿದರೂ, ಒಬ್ಬನಿಗೆ ಬಾಗಿಲು ತೆರೆದವನು ಇನ್ನೊಬ್ಬನು.

ಇಂದು ಈ ಹಕ್ಕಿಗಳ ಸಂಖ್ಯೆ ಸಾವಿರವನ್ನು ಮುಟ್ಟಲಾರದೆಂದು ತಿಳಿದವರ ಅಂದಾಜು. ೨೦೧೫ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ, ೨೦೧೬ರಲ್ಲಿ ಆಸ್ಟ್ರೇಲಿಯದ ಸರ್ಕಾರದ ಪಟ್ಟಿಯಲ್ಲಿಯೂ ಇದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿದರು. ಅಳಿವಿನ ಅಂಚಿಗೆ ಬಂದ ಹಕ್ಕಿಗೆ ಅದರ ವೇಗವೇ ಕೆಲವೊಮ್ಮೆ ಮೃತ್ಯುವಾಗುವುದು ವಿಷಾದಕರ. ಊರ ತೋಟಗಳಲ್ಲಿ ಹೂವಾದ ಮರಗಳಿಗೆ ಬಂದ ಗಿಳಿಗಳು ಕಿಟಕಿಯ ಗಾಜನ್ನು ಬಯಲೆಂದೇ ಭ್ರಮಿಸಿ, ಬಾಣದಂತೆ ಬಂದು ಬಡಿದು ಸಾಯುತ್ತವೆ.

ಪ್ರಯತ್ನಗಳು ನಡೆಯದೆ ಇಲ್ಲ. ೨೦೧೬ರಲ್ಲಿ ಬ್ರೂನಿ ದ್ವೀಪದಲ್ಲಿ ಹೂವು ಬರುವ ಸೂಚನೆ ಕಂಡೊಡನೆ, ಸಂಶೋಧಕರು ಸಾರ್ವಜನಿಕರಿಂದ ದ್ರವ್ಯವನ್ನು ಕೂಡಿಸಿ, ಮರವೇರಿ, ನೂರಾರು ಮರದ ಪೆಟ್ಟಿಗೆಗಳನ್ನು ಗೂಡಾಗಿ ಕಟ್ಟಿದರು. ಗಿಳಿಗಳು ಬಂದು ಅವುಗಳಲ್ಲಿ ಸಂಸಾರ ಹೂಡಿದುವು. ಟಾಸ್ಮೇನಿಯದ ನೆಲದಲ್ಲಿ ಕೆಲವು ಗೂಡುಗಳಿಗೆ, ಸಂಜೆಯ ಬೆಳಕು ಕುಂದಿದೊಡನೆ ಮುಚ್ಚಿಕೊಂಡು ಬೆಳಗಾದೊಡನೆ ತಾನಾಗಿಯೇ ತೆರೆದುಕೊಳ್ಳುವ ಬಾಗಿಲನ್ನೂ ಅಳವಡಿಸಿದರು; ಹೀಗೆ ರಾತ್ರಿಯ ಕಳ್ಳನಿಗೆ ಮನೆಯೇ ಬೀಗವಾಯಿತು. ಆದರೆ ಪೆಟ್ಟಿಗೆಗಳು ಬಹುಕಾಲ ಮರದಲ್ಲಿಯೇ ಉಳಿದರೆ ಹೊರಗಿನಿಂದ ಬಂದ ಸ್ಟಾರ್ಲಿಂಗ್ ಹಕ್ಕಿಗಳೂ ಜೇನುನೊಣಗಳೂ ಅವನ್ನು ಆಕ್ರಮಿಸಿಕೊಳ್ಳುವುದೂ ಕಂಡುಬಂದಿದೆ. ಪೆಟ್ಟಿಗೆಯು ಆಪತ್ಕಾಲದ ಔಷಧ, ದಿನದ ಅನ್ನವಾಗಲಾರದು.

ಕಾಡಿನ ಪ್ರಶ್ನೆಯೇ ಕೊನೆಗೆ ಉಳಿಯುವುದು. ವಿಕ್ಟೋರಿಯದಲ್ಲಿ ೨೦೦೨ರಲ್ಲಿ ಚಿನ್ನದ ಸೀಮೆಯ ಅಳಿದುಳಿದ ಕಾಡುಗಳನ್ನು ಸೇರಿಸಿ ರಾಷ್ಟ್ರೀಯ ಉದ್ಯಾನಗಳನ್ನು ಮಾಡಿದರು. ೨೦೨೪ರ ಮೊದಲಿನಿಂದ ಸರ್ಕಾರದ ಸಹಜಾರಣ್ಯಗಳಲ್ಲಿ ದಿಮ್ಮಿಗಾಗಿ ಕಡಿಯುವುದನ್ನೇ ನಿಲ್ಲಿಸಿದರು. ಟಾಸ್ಮೇನಿಯದಲ್ಲಿ ಈ ವಿಷಯವಾಗಿ ವಾದವಿವಾದಗಳು ಬಹುಕಾಲದಿಂದ ನಡೆದು ಬಂದಿವೆ. ಅಲ್ಲಿಯ ಮರದ ಉದ್ಯೋಗವನ್ನು ನಂಬಿ ಬದುಕುವ ಸಂಸಾರಗಳೂ ಇವೆ. ಅವರನ್ನು ಕಟುಕರೆಂದು ಹಳಿಯುವುದು ನ್ಯಾಯವಲ್ಲ. ಗೂಡು ಕಂಡ ಮರವನ್ನು ಬಿಟ್ಟು ಉಳಿದುದನ್ನು ಕಡಿಯುತ್ತೇವೆ ಎಂದು ಅವರು ಹೇಳುವುದು ಮೇಲುನೋಟಕ್ಕೆ ಒಪ್ಪತಕ್ಕ ಮಾತೇ. ಆದರೆ ಗೂಡು ಈ ವರ್ಷ ಕಂಡ ಎಡೆಯಲ್ಲಿ ಮುಂದಿನ ವರ್ಷ ಇರುವುದಿಲ್ಲ. ಮುಂದಿನ ವರ್ಷ ಎಲ್ಲಿರುವುದೆಂದು ಮರಗಳಿಗಲ್ಲದೆ ಯಾರಿಗೂ ತಿಳಿಯದು. ನೆಲೆಯಾಗಿ ನಿಂತ ಪ್ರಾಣಿಗೆ ಬೇಲಿ ಹಾಕಿ ರಕ್ಷಣೆ ಕೊಡಬಹುದು. ಅಲೆಯುವ ಪ್ರಾಣಿಗೆ, ಅದು ಎಂದಾದರೂ ಬಂದೀತೆಂದು ಅನೇಕ ಮನೆಗಳ ಬಾಗಿಲನ್ನು ತೆರೆದಿಟ್ಟು ಕಾಯಬೇಕಾಗುವುದು. ಹಕ್ಕಿಯಿಲ್ಲದ ಕಾಡು ಹಕ್ಕಿಗೆ ಬೇಡವಾದ ಕಾಡಲ್ಲ. ಅದು ಸರದಿಗಾಗಿ ಕಾದಿರುವ ಛತ್ರ. ಅತಿಥಿಯಿಲ್ಲದ ದಿನ ಛತ್ರವನ್ನು ಕೆಡವಿದರೆ, ಅತಿಥಿ ಬಂದ ದಿನ ನಾವು ಏನು ಹೇಳಬೇಕು?

ನಮ್ಮ ಬಯಲಿನ ನೀಲಗಿರಿಯ ತೋಪು ನೆಲದ ನೀರನ್ನೆಲ್ಲ ಹೀರುವುದೆಂದು ನಮ್ಮ ರೈತರು ದೂರುವುದುಂಟು. ಅನ್ಯ ದೇಶಕ್ಕೆ ಒಯ್ದಾಗ ದೂರಿಗೆ ಗುರಿಯಾದ ಕುಲವೇ ತನ್ನ ತವರಿನಲ್ಲಿ ಅನ್ನಛತ್ರವಾಗಿ ನಿಂತಿದೆ. ಇನ್ನು ಮುಂದೆ ಚಳಿಯ ರಾತ್ರಿಯಲ್ಲಿ ಮಗುವಿನ ಎದೆಗೆ ತಿಕ್ಕಲೆಂದು ನೀಲಗಿರಿ ಎಣ್ಣೆಯ ಸೀಸೆಯ ಬಿರಡೆಯನ್ನು ತೆಗೆದಾಗ, ಆ ವಾಸನೆಯೊಡನೆ ತಮಗೆ ಈ ಹಕ್ಕಿಯ ನೆನಪೂ ಬರಲಿ. ದೂರದ ದ್ವೀಪದಲ್ಲಿ ಕೆನೆಯ ಬಣ್ಣದ ಹೂವು ಈ ವರ್ಷ ಯಾವ ಬೆಟ್ಟದಲ್ಲಿ ಅರಳಿದೆಯೆಂದು ಹುಡುಕುತ್ತ, ಐದೂವರೆ ತೊಲದ ಹಸುರು ಗಿಳಿಯೊಂದು ಆಗ ತೀರದ ಮೇಲೆ ಹಾರುತ್ತಿರಬಹುದು.